ಆರು ಊರುಗಳ ರಿಂಗ್‌ನಲ್ಲಿ ಬದಲಿ ದಾರಿ: ನನ್ನ ಅನುಭವ

ಬೆಳಗಾವಿ, ಗೋಕಾಕ, ಜಮಖಂಡಿ, ವಿಜಯಪುರ, ಬಾಗಲಕೋಟೆ, ಲೋಕಾಪುರ ಮತ್ತೆ ಬೆಳಗಾವಿ, ಹೀಗೆ ಸುತ್ತಿ ಬರುವ ಫೈಬರ್ ಜಾಲದ ರಿಂಗ್ ಒಂದರ ರೌಟಿಂಗ್, ಅಂದರೆ ಡೇಟಾ ಪ್ಯಾಕೆಟ್‌ಗಳು ಯಾವ ದಾರಿಯಲ್ಲಿ ಹೋಗಬೇಕೆಂಬ ವ್ಯವಸ್ಥೆ, ನನ್ನ ಹೊಣೆಯಲ್ಲಿದೆ. ರಸ್ತೆ ಅಗಲೀಕರಣ ನಡೆಯುವ ಕಡೆ ಜೆಸಿಬಿಗೆ ಸಿಕ್ಕಿ ಫೈಬರ್ ಕಟ್ ಆಗುವುದು ನಮ್ಮ ಭಾಗದಲ್ಲಿ ಮಾಮೂಲು. ಆ ಸುದ್ದಿ ಎಲ್ಲ ರೌಟರ್‌ಗಳಿಗೆ ತಲುಪಿ, ಅವು ಹೊಸ ದಾರಿಯ ಲೆಕ್ಕ ಮುಗಿಸುವವರೆಗೆ ಕಾಯುವ ಬದಲು, ಪ್ರತಿ ರೌಟರ್ ತನ್ನ ಬದಲಿ ದಾರಿಯನ್ನು ಮೊದಲೇ ಫಾರ್ವರ್ಡಿಂಗ್ ಟೇಬಲ್‌ನಲ್ಲಿ (ಯಾವ ಗುರಿಗೆ ಯಾವ ಕೊಂಡಿ ಎಂಬ ಪಟ್ಟಿ) ಬರೆದಿಟ್ಟುಕೊಂಡು, ಹಳೆಯ ಟೆಲಿಕಾಂ ಪ್ರಸರಣ ವ್ಯವಸ್ಥೆಯಾದ ಎಸ್‌ಡಿಎಚ್ ಕಾಲದಿಂದ ರೂಢಿಯಲ್ಲಿರುವ 50 ಮಿಲಿಸೆಕೆಂಡ್‌ನೊಳಗೆ ಅತ್ತ ಹೊರಳುವಂತೆ ಮಾಡುವುದು ನನ್ನ ಉದ್ದೇಶವಾಗಿತ್ತು.

2008ರ ಆರ್‌ಎಫ್‌ಸಿ 5286 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ತಂತ್ರಜ್ಞಾನದ ಪ್ರಕಟಿತ ದಾಖಲೆ) ವಿವರಿಸುವ ಎಲ್‌ಎಫ್‌ಎ, ಅಂದರೆ ಪ್ಯಾಕೆಟ್ ಸುತ್ತಿ ವಾಪಸು ಬಾರದಂತೆ ಪಕ್ಕದ ರೌಟರ್ ಒಂದನ್ನು ಬದಲಿಯಾಗಿಸುವುದು, ಇದಕ್ಕೆ ಅತ್ಯಂತ ಸರಳ ವಿಧಾನ. ಪಕ್ಕದ ರೌಟರ್‌ನಿಂದ ಗುರಿಗಿರುವ ದೂರವು, ಅಲ್ಲಿಂದ ನನಗೂ ನನ್ನಿಂದ ಗುರಿಗೂ ಇರುವ ದೂರಗಳ ಮೊತ್ತಕ್ಕಿಂತ ಕಡಿಮೆಯಿದ್ದರೆ ಮಾತ್ರ ಆ ಪಕ್ಕದ ರೌಟರ್ ನಂಬಿಕೆಗೆ ಅರ್ಹ. ನಮ್ಮಲ್ಲಿ ಪ್ರತಿ ಕೊಂಡಿಯ ಮೆಟ್ರಿಕ್ (ದೂರದ ಲೆಕ್ಕಕ್ಕೆ ನಾವು ಕೊಡುವ ಅಂಕ) 10. ಬಾಗಲಕೋಟೆಯಿಂದ ಲೋಕಾಪುರದ ಮೂಲಕ ಬೆಳಗಾವಿಗೆ 20; ವಿಜಯಪುರದಿಂದ ಬೆಳಗಾವಿಗೆ ಯಾವ ಕಡೆಯಿಂದ ಹೋದರೂ 30. ಎರಡೂ ಬದಿ ಸರಿಸಮವಾದ್ದರಿಂದ ಷರತ್ತು ಈಡೇರುವುದಿಲ್ಲ: ಲೋಕಾಪುರದ ಕೊಂಡಿ ಕಡಿದಾಗ ವಿಜಯಪುರಕ್ಕೆ ಕಳಿಸಿದ ಪ್ಯಾಕೆಟ್‌ಗಳಲ್ಲಿ ಒಂದು ಪಾಲು ಬಾಗಲಕೋಟೆಗೇ ವಾಪಸು ಬರುತ್ತದೆ.

ಆದ್ದರಿಂದ ದೂರದ ರೌಟರ್ ಒಂದನ್ನು ಆಸರೆಯಾಗಿಸುವ, 2015ರ ಆರ್‌ಎಫ್‌ಸಿ 7490ರ ರಿಮೋಟ್ ಎಲ್‌ಎಫ್‌ಎಯನ್ನು ಆರಿಸಿಕೊಂಡೆ. ಕಡಿದ ಕೊಂಡಿಯನ್ನು ಮುಟ್ಟದೆ ನಾವು ಅಥವಾ ನಮ್ಮ ಪಕ್ಕದ ರೌಟರ್ ತಲುಪಬಲ್ಲ, ಹಾಗೆಯೇ ಆ ಕೊಂಡಿಯನ್ನು ಮುಟ್ಟದೆ ಅದರ ಆಚೆ ತುದಿಯನ್ನು ತಲುಪಬಲ್ಲ ರೌಟರ್ ಅನ್ನು ಪಿಕ್ಯೂ ನೋಡ್ ಎನ್ನುತ್ತಾರೆ. ಕಾಗದದ ಮೇಲೆ ಲೆಕ್ಕ ಹಾಕಿದಾಗ ಮೇಲಿನ ಉದಾಹರಣೆಗೆ ಅದು ಗೋಕಾಕವೆಂದು ಬಂತು. ಬಾಗಲಕೋಟೆಯ ರೌಟರ್ ಗೋಕಾಕದೊಂದಿಗೆ ಟಾರ್ಗೆಟೆಡ್ ಎಲ್‌ಡಿಪಿ ಸೆಷನ್ (ದೂರದ ರೌಟರ್‌ನೊಂದಿಗೆ ಲೇಬಲ್ ವಿನಿಮಯದ ಸಂಪರ್ಕ) ಇಟ್ಟುಕೊಂಡು ಬೆಳಗಾವಿಯ ಲೇಬಲ್, ಅಂದರೆ ಪ್ಯಾಕೆಟ್‌ಗೆ ಹಚ್ಚುವ ದಾರಿಯ ಗುರುತು, ಪಡೆದಿರುತ್ತದೆ. ಕಟ್ ಆದ ಕೂಡಲೇ ಪ್ಯಾಕೆಟ್‌ಗಳನ್ನು ವಿಜಯಪುರ, ಜಮಖಂಡಿ ದಾಟಿಸಿ ಗೋಕಾಕಕ್ಕೆ ಮುಟ್ಟಿಸುತ್ತದೆ. ಅಲ್ಲಿಂದ ಬೆಳಗಾವಿಗೆ ದಾರಿ ಸಲೀಸು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ವಿಜಯಪುರ–ಬಾಗಲಕೋಟೆ ಭಾಗ. ಅಲ್ಲಿ ಬಾಡಿಗೆಗೆ ಪಡೆದ ಎರಡನೆಯ ಕೊಂಡಿಯೂ ಇತ್ತು, ರೌಟರ್ ಅದನ್ನೇ ಮೊದಲ ಆಸರೆಯೆಂದು ಆರಿಸಿತ್ತು. ಕೊಲ್ಹಾರದ ಸೇತುವೆಯ ತುದಿಯಲ್ಲಿ ಚೇಂಬರ್‌ನ ಮುಚ್ಚಳ ತೆಗೆಸಿ ನೋಡಿದರೆ, ಬೇರೆ ಬೇರೆ ಬಣ್ಣದ ತಗಡಿನ ಟ್ಯಾಗ್ ಕಟ್ಟಿದ ಎರಡೂ ಕೇಬಲ್‌ಗಳು ಒಂದೇ ಡಕ್ಟ್‌ನೊಳಗೆ ಇಳಿದಿದ್ದವು. ಇಂಥದ್ದು ರೌಟರ್‌ಗೆ ತಾನಾಗಿ ತಿಳಿಯಲಾರದು, ನಾವೇ ಹೇಳಬೇಕು. ಎರಡಕ್ಕೂ ಒಂದೇ ಎಸ್‌ಆರ್‌ಎಲ್‌ಜಿ ಸಂಖ್ಯೆ (ಒಟ್ಟಿಗೇ ಕಡಿಯಬಹುದಾದ ಕೊಂಡಿಗಳ ಗುಂಪಿನ ಗುರುತು) ಕೊಟ್ಟ ಮೇಲೆ ವಿಜಯಪುರದ ಬದಲಿ ದಾರಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಯನ್ನು ದಾಟಿ ಜಮಖಂಡಿಯತ್ತ ತಿರುಗಿತು. ಪಿಕ್ಯೂ ನೋಡ್ ಬೆಳಗಾವಿಯಾಯಿತು.

ಕಟ್ ಆದದ್ದನ್ನು ಅರಿಯುವ ವೇಗವೂ ಅಷ್ಟೇ ಮುಖ್ಯ. ನೇರ ಫೈಬರ್ ಇದ್ದಲ್ಲಿ ಬೆಳಕು ನಿಂತ ತಕ್ಷಣ ಪೋರ್ಟ್ ಡೌನ್ ಆಗುತ್ತದೆ. ನಡುವೆ ಟ್ರಾನ್ಸ್‌ಮಿಷನ್ ಉಪಕರಣವಿದ್ದರೆ ಪೋರ್ಟ್ ಅಪ್ ಆಗಿಯೇ ಉಳಿಯಬಹುದು. ಅಂಥ ಕಡೆ 50 ಮಿಲಿಸೆಕೆಂಡ್ ಅಂತರದ ಬಿಎಫ್‌ಡಿ (ಎರಡು ರೌಟರ್‌ಗಳು ಪದೇ ಪದೇ ಚಿಕ್ಕ ಪ್ಯಾಕೆಟ್ ಕಳಿಸಿ ಕೊಂಡಿ ಪರೀಕ್ಷಿಸುವ ವಿಧಾನ) ಹಾಕಿದೆ. ಮೂರು ಪ್ಯಾಕೆಟ್ ತಪ್ಪಿದ ಮೇಲಷ್ಟೇ ಅದು ಕಟ್ ಎಂದು ತೀರ್ಮಾನಿಸುವುದರಿಂದ ಆ ಕೊಂಡಿಗಳಲ್ಲಿ 150 ಮಿಲಿಸೆಕೆಂಡ್ ಒಪ್ಪಿಕೊಳ್ಳಬೇಕಾಯಿತು.

ಕೊನೆಯದು ಮೈಕ್ರೋಲೂಪ್. ಬಾಗಲಕೋಟೆ ಹೊಸ ಲೆಕ್ಕ ಮುಗಿಸಿ ಟನಲ್ (ಗೋಕಾಕಕ್ಕೆ ಮುಟ್ಟಿಸುವ ಆ ಬದಲಿ ದಾರಿ) ಬಿಟ್ಟಾಗ ವಿಜಯಪುರ ಇನ್ನೂ ಹಳೆಯ ಲೆಕ್ಕದಲ್ಲೇ ಇದ್ದರೆ, ಪ್ಯಾಕೆಟ್‌ಗಳು ಇಬ್ಬರ ನಡುವೆ ಓಡಾಡುತ್ತವೆ. ಆರ್‌ಎಫ್‌ಸಿ 8333 ಸೂಚಿಸುವಂತೆ, ಕಟ್ ಕಂಡ ರೌಟರ್ ಉಳಿದವುಗಳ ಲೆಕ್ಕ ಮುಗಿಯುವಷ್ಟು ಹೊತ್ತು ಬದಲಿ ದಾರಿಯಲ್ಲೇ ಉಳಿಯುವಂತೆ ವಿಳಂಬ ಇಟ್ಟಿದ್ದೇನೆ. ಯಾವುದೇ ಮೆಟ್ರಿಕ್ ಬದಲಿಸುವ ಮುನ್ನ ಆರೂ ಊರುಗಳ ಪಿಕ್ಯೂ ನೋಡ್‌ಗಳನ್ನು ಮತ್ತೆ ಲೆಕ್ಕ ಹಾಕಿ ನೋಡುವುದು ಈಗ ನಮ್ಮ ತಂಡದ ಕ್ರಮವಾಗಿದೆ.