ಟ್ರೈಪಾಡ್ ಇಲ್ಲದೆಯೂ ಹಕ್ಕಿಯ ಗರಿ ಗರಿ ಕಾಣಬೇಕೆ?

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚೆಂದ ಕಂಡ ಹಕ್ಕಿ, ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಮಸುಕು. ಆಗ ಹೆಚ್ಚಿನವರು ಲೆನ್ಸನ್ನೇ ದೂರುತ್ತಾರೆ. ನಿಜ ಹೇಳಬೇಕೆಂದರೆ ಲೆನ್ಸಿನ ತಪ್ಪು ಇರುವುದು ಅಪರೂಪ. ಮಸುಕು ಎಲ್ಲಿಂದ ಬಂತು ಎಂಬುದು ಆ ಫೋಟೊದಲ್ಲೇ ಇರುತ್ತದೆ.

ಹಾಗಾಗಿ ಮೊದಲ ಕೆಲಸ ಇದು. ಹಾಳಾದ ಒಂದು ಫೋಟೊವನ್ನು ಶೇ 100ರ ಗಾತ್ರದಲ್ಲಿ ತೆರೆಯಿರಿ. ಹಕ್ಕಿ, ಕೊಂಬೆ, ಎಲೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅಲುಗಿದ್ದು ನಿಮ್ಮ ಕೈ. ಕೊಂಬೆ ಸ್ಪಷ್ಟವಾಗಿದ್ದು ಹಕ್ಕಿಯ ತಲೆ ಮಾತ್ರ ಕಲಸಿದ್ದರೆ ಅಲುಗಿದ್ದು ಹಕ್ಕಿ. ಬಾಲದ ಗರಿ ಶಾರ್ಪ್ ಇದ್ದು ಕಣ್ಣು ಮಸುಕಾಗಿದ್ದರೆ ಫೋಕಸ್ ಬೇರೆ ಕಡೆ ಕೂತಿದೆ. ಎಲ್ಲೂ ಏನೂ ಶಾರ್ಪ್ ಇಲ್ಲ, ಅಂಚುಗಳೆಲ್ಲ ಹರಿಯುವ ನೀರಿನೊಳಗೆ ಕಂಡಂತಿವೆ ಎಂದರೆ ಅದು ಬಿಸಿಗಾಳಿಯ ಕೆಲಸ. ನಾಲ್ಕಕ್ಕೂ ಮದ್ದು ಬೇರೆ ಬೇರೆ.

ಶಟರ್ ಸ್ಪೀಡ್ ಇಳಿಸಬೇಡಿ

ಶಟರ್ ಸ್ಪೀಡ್ ಎಂದರೆ ಶಟರ್ ತೆರೆದಿರುವ ಹೊತ್ತು. ಲೆನ್ಸ್ ಎಷ್ಟು ಎಂಎಂ ಇದೆಯೋ, ಸೆಕೆಂಡಿನ ಅಷ್ಟನೇ ಒಂದು ಭಾಗ ಇರಲಿ ಎಂಬುದು ಹಳೆಯ ಲೆಕ್ಕ. 400 ಎಂಎಂ ಲೆನ್ಸಿಗೆ 1/400 ಸೆಕೆಂಡ್. ಫುಲ್‌ಫ್ರೇಮಿಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಆದರೆ ಒಂದೂವರೆ ಪಟ್ಟು ವೇಗ, ಅಂದರೆ 1/600. ಆದರೆ ಇದು ಕೈ ನಡುಕಕ್ಕಷ್ಟೇ ಹೇಳಿದ್ದು. ಸುಮ್ನೆ ಕೂತಂತೆ ಕಾಣುವ ಹಕ್ಕಿಯೂ ಕ್ಷಣಕ್ಕೊಮ್ಮೆ ಕತ್ತು ತಿರುಗಿಸುತ್ತದೆ, ಅಲ್ವಾ? ಲೆನ್ಸಿನಲ್ಲಿರುವ ಸ್ಟೆಬಿಲೈಸರ್ ನಿಮ್ಮ ಕೈಯನ್ನು ಸುಧಾರಿಸಬಹುದು, ಹಕ್ಕಿಯನ್ನು ನಿಲ್ಲಿಸಲಾರದು.

ಕೂತ ಹಕ್ಕಿಗೆ 1/1000ರಿಂದ ಶುರು ಮಾಡಿ. ಹಾರುವ ಹಕ್ಕಿಗೆ 1/2000ರಿಂದ 1/3200. ನಿದ್ದೆಯಲ್ಲಿರುವ ಗೂಬೆಯಂಥದ್ದು ಸಿಕ್ಕಿ, ಬೆಳಕೂ ಕಡಿಮೆ ಇದ್ದರೆ ಮಾತ್ರ ಸ್ಟೆಬಿಲೈಸರ್ ನಂಬಿ 1/250ಕ್ಕೆ ಇಳಿಯಬಹುದು.

ಮ್ಯಾನ್ಯುವಲ್ ಮೋಡಿನಲ್ಲಿ ಶಟರ್ ಮತ್ತು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ನೀವೇ ಇಟ್ಟುಕೊಳ್ಳಿ. ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಆಟೊಗೆ ಬಿಡಿ. ಅದು 3200ಕ್ಕೆ ಏರಿತು ಎಂದು ಗಾಬರಿ ಬೇಡ. ಆಗ ಚಿತ್ರದಲ್ಲಿ ಏಳುವ ಕಾಳು ಕಾಳು, ಅಂದರೆ ನಾಯ್ಸ್ ತೆಗೆಯಲು ಒಳ್ಳೆಯ ಸಾಫ್ಟ್‌ವೇರ್‌ಗಳಿವೆ. ಅಲುಗಿದ ಗರಿಯನ್ನು ಮತ್ತೆ ಎಳೆ ಎಳೆಯಾಗಿ ಬಿಡಿಸುವುದು ಬಹಳ ಕಷ್ಟ. ಕಪ್ಪು ಹಿನ್ನೆಲೆಯ ಮುಂದೆ ಬೆಳ್ಳಕ್ಕಿ ನಿಂತಿದ್ದರೆ ಎಕ್ಸ್‌ಪೋಶರ್ (ಚಿತ್ರದ ಬೆಳಕಿನ ಮಟ್ಟ) ಸ್ವಲ್ಪ ಮೈನಸ್ ಮಾಡಿ. ಇಲ್ಲದಿದ್ದರೆ ಬಿಳಿ ಸುಟ್ಟುಹೋಗಿ ಫೋಕಸ್ ಎಷ್ಟೇ ಸರಿಯಿದ್ದರೂ ಗರಿಯ ವಿವರ ಇರುವುದಿಲ್ಲ. ಆಕಾಶದ ಮುಂದೆ ಕೂತ ಕಾಜಾಣಕ್ಕೆ ಪ್ಲಸ್ ಬೇಕು.

ಫೋಕಸ್ ಕಣ್ಣಿನ ಮೇಲೆ

400 ಎಂಎಂ ಲೆನ್ಸ್, ಅಪರ್ಚರ್ ಎಫ್/5.6, ಎಪಿಎಸ್-ಸಿ ಕ್ಯಾಮೆರಾ, ಐದು ಮೀಟರ್ ದೂರದಲ್ಲಿ ಮಿಂಚುಳ್ಳಿ. ಇಲ್ಲಿ ಶಾರ್ಪ್ ಆಗಿ ಬರುವ ಆಳ ಮೂರೂವರೆ ಸೆಂಟಿಮೀಟರಿನಷ್ಟೇ. ಫೋಕಸ್ ರೆಕ್ಕೆಯ ಮೇಲೆ ಕೂತರೆ ಕಣ್ಣು ಹೋಯಿತು. ಕಿಂಡಿ ಕಿರಿದು ಮಾಡಿ ಎಫ್/8ಕ್ಕೆ ಹೋದರೆ ಐದು ಸೆಂಟಿಮೀಟರ್ ಸಿಗುತ್ತದೆ, ಬಹಳಷ್ಟು ಜೂಮ್ ಲೆನ್ಸ್‌ಗಳು ಅಲ್ಲಿ ಇನ್ನೂ ಚೊಕ್ಕವಾಗಿ ಬಿಡಿಸುತ್ತವೆ ಕೂಡ. ಬೆಳಕಿದ್ದರೆ ನನ್ನ ಆಯ್ಕೆ ಅದೇ.

ಫೋಕಸ್ ನಿರಂತರವಾಗಿ ಹಿಂಬಾಲಿಸುವ ಮೋಡಿನಲ್ಲಿರಲಿ. ನಿಕಾನ್, ಸೋನಿಯಲ್ಲಿ ಅದು ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೊ. ಹಕ್ಕಿಯ ಕಣ್ಣು ಗುರುತಿಸುವ ಸೌಲಭ್ಯ ಇದ್ದರೆ ಖಂಡಿತ ಬಳಸಿ. ಆದರೆ ದಟ್ಟ ಕೊಂಬೆಗಳ ನಡುವೆ ಅದೂ ತಡವರಿಸುತ್ತದೆ. ಆಗ ಒಂದೇ ಸಣ್ಣ ಪಾಯಿಂಟ್ ಆರಿಸಿ ನೀವೇ ಕಣ್ಣಿನ ಮೇಲಿಡಿ.

ಹಿಡಿಯುವ ಬಗೆ

ಎಡ ಅಂಗೈ ಲೆನ್ಸಿನ ಕೆಳಗೆ, ಸಾಧ್ಯವಾದಷ್ಟು ಮುಂದಕ್ಕೆ. ಎರಡೂ ಮೊಣಕೈ ಪಕ್ಕೆಗೆ ಒತ್ತಿರಲಿ. ಒಂದು ಕಾಲು ತುಸು ಮುಂದೆ. ವ್ಯೂಫೈಂಡರ್ ಹುಬ್ಬಿಗೆ ತಾಗಿದರೆ ಅದೂ ಒಂದು ಆಸರೆ. ಮರ, ಗೋಡೆ ಸಿಕ್ಕರೆ ಒರಗಿಕೊಳ್ಳಿ. ಉಸಿರು ಬಿಟ್ಟು, ಮತ್ತೆ ಎಳೆಯುವ ಮುನ್ನ ಬಟನ್ ಮೃದುವಾಗಿ ಒತ್ತಿ. ಒಂದೇ ಫೋಟೊ ಅಲ್ಲ, ನಾಲ್ಕೈದು ಒಟ್ಟಿಗೆ ಹೋಗಲಿ. ಬೆರಳು ಒತ್ತಿದ ಅದುರು ಮೊದಲನೆಯದರಲ್ಲಿ ಜಾಸ್ತಿ, ನಡುವಿನವು ಚೆನ್ನಾಗಿ ಬರುತ್ತವೆ. ಲೆನ್ಸ್ ಎತ್ತಿ ಎತ್ತಿ ತೋಳು ಸೋತಿದ್ದರೆ ಇಳಿಸಿ, ಸುಧಾರಿಸಿಕೊಳ್ಳಿ. ಸೋತ ತೋಳಿನಲ್ಲಿ ತೆಗೆದದ್ದು ಅಲುಗುವುದೇ ಹೆಚ್ಚು.

ಹತ್ತಿರ ಹೋಗಿ, ಆದರೆ ಹೆದರಿಸದೆ

ಇದಕ್ಕಿಂತ ದೊಡ್ಡ ಉಪಾಯ ಇನ್ನೊಂದಿಲ್ಲ. ದೂರ ಅರ್ಧವಾದರೆ ಹಕ್ಕಿ ಚಿತ್ರದಲ್ಲಿ ಎರಡು ಪಟ್ಟು ಎತ್ತರ, ಎರಡು ಪಟ್ಟು ಅಗಲ. ಅಂದರೆ ನಾಲ್ಕು ಪಟ್ಟು ಪಿಕ್ಸೆಲ್ ಅದರ ಪಾಲಿಗೆ. ಯಾವ ದುಬಾರಿ ಲೆನ್ಸೂ ದೂರದ ಚುಕ್ಕಿಯಿಂದ ಅಷ್ಟು ವಿವರ ತೆಗೆಯುವುದಿಲ್ಲ. ಬಗ್ಗಿ, ನೇರವಾಗಿ ಅದರ ಕಡೆಗೆ ನಡೆಯದೆ ಓರೆಯಾಗಿ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಹೋಗಿ. ಹಕ್ಕಿ ಮೇಯುವುದು ನಿಲ್ಲಿಸಿ ಕತ್ತು ನೀಳ ಮಾಡಿ ನಿಮ್ಮನ್ನೇ ನೋಡತೊಡಗಿದರೆ ಅಲ್ಲಿಗೇ ನಿಲ್ಲಿ. ಗೂಡಿನ ಹತ್ತಿರ ಮಾತ್ರ ಹೋಗಲೇಬೇಡಿ. ಹಕ್ಕಿ ಎದ್ದು ಹೋದರೆ ಮೊಟ್ಟೆ, ಮರಿಗಳಿಗೆ ಅಪಾಯ. ಯಾವ ಫೋಟೊಗೂ ಆ ಬೆಲೆ ಇಲ್ಲ.

ಹತ್ತಿರ ಹೋದರೆ ನಡುವಿನ ಗಾಳಿಯೂ ಕಡಿಮೆ. ಬಿಸಿಲೇರಿದ ಮೇಲೆ ಬಯಲು, ರಸ್ತೆ, ಮರಳಿನ ಮೇಲಿಂದ ಏಳುವ ಬಿಸಿಗೆ ಯಾವ ಸೆಟ್ಟಿಂಗೂ ಇಲ್ಲ. ಬೆಳಿಗ್ಗೆ ಬೇಗ ಹೋಗುವುದೇ ದಾರಿ.

ಕೊನೆಗೆ ಕಂಪ್ಯೂಟರ್. ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) ಮೊದಲು ನಾಯ್ಸ್ ತೆಗೆಯಿರಿ, ಆಮೇಲೆ ಹಕ್ಕಿಯನ್ನಷ್ಟೇ ಆರಿಸಿ ಶಾರ್ಪನ್ ಮಾಡಿ. ಹಿನ್ನೆಲೆಗೂ ಮಾಡಿದರೆ ಬರೀ ಕಾಳು ಕಾಳು ಏಳುತ್ತದೆ. ಹಂಚಿಕೊಳ್ಳಲು ಗಾತ್ರ ಇಳಿಸಿದಾಗ ಅಂಚು ತುಸು ಮೆತ್ತಗಾಗುತ್ತದೆ, ಆಗ ಮತ್ತೊಂದು ಚೂರು ಶಾರ್ಪನ್ ಬೇಕಾಗುತ್ತದೆ.