ಯಾವ ಲೆನ್ಸ್ ಎನ್ನುವ ಮೊದಲು ನಾನು ಕೇಳುವುದು

ಮಡಿಕೇರಿಯಲ್ಲಿ ಕಣ್ಣಿನ ಪೊರೆಯ ಆಪರೇಷನ್ ಮಾಡುತ್ತೇನೆ. "ಡಾಕ್ಟ್ರೇ, ಕನ್ನಡಕವೇ ಬೇಡದ ಲೆನ್ಸ್ ಇದೆಯಂತಲ್ಲ, ಅದನ್ನೇ ಹಾಕಿಬಿಡಿ" ಎನ್ನುವವರು ಈಗ ಜಾಸ್ತಿ. ಪೊರೆ ತೆಗೆದು ಕಣ್ಣೊಳಗೆ ಕೂರಿಸುವ ಲೆನ್ಸ್‌ಗಳಲ್ಲಿ ಅವರು ಹೇಳುವುದು ಮಲ್ಟಿಫೋಕಲ್, ಅಂದ್ರೆ ದೂರ-ಹತ್ತಿರ ಎರಡನ್ನೂ ತೋರಿಸುವ ಲೆನ್ಸ್. ನಾನು ತಕ್ಷಣ ಹೂಂ ಅನ್ನುವುದಿಲ್ಲ. ಕತ್ತಲಾದ ಮೇಲೆ ಗಾಡಿ ಓಡಿಸ್ತೀರಾ, ಯಾವ ರಸ್ತೆಯಲ್ಲಿ ಅಂತ ಕೇಳುತ್ತೇನೆ.

ಮೊನೊಫೋಕಲ್ ಲೆನ್ಸ್ ಬೆಳಕನ್ನೆಲ್ಲ ಒಂದೇ ದೂರಕ್ಕೆ ಕೊಡುತ್ತದೆ. ದೂರದ್ದು ಚೆನ್ನಾಗಿ ಕಾಣುತ್ತದೆ, ಪೇಪರ್ ಓದಲು ಕನ್ನಡಕ ಬೇಕು. ಮಲ್ಟಿಫೋಕಲ್ ಅದೇ ಬೆಳಕನ್ನು ಹಂಚುತ್ತದೆ. ದೂರಕ್ಕೂ ಹತ್ತಿರಕ್ಕೂ ಸಮನಾಗಿ ಹಂಚುವ ಡಿಫ್ರಾಕ್ಟಿವ್ (ಮೈಮೇಲಿನ ಸಣ್ಣ ಉಂಗುರಗಳಿಂದ ಬೆಳಕನ್ನು ಒಡೆಯುವ) ಲೆನ್ಸಿನಲ್ಲಿ ಒಂದೊಂದಕ್ಕೆ ಸಿಗುವುದು ಸುಮಾರು ಶೇ 41. ಉಳಿದದ್ದು ಯಾವ ಕೆಲಸಕ್ಕೂ ಬಾರದೆ ಹೋಗುತ್ತದೆ. ಸಾಲದ್ದಕ್ಕೆ, ಸ್ಪಷ್ಟ ಚಿತ್ರದ ಮೇಲೆ ಮಸುಕಾದ ಇನ್ನೊಂದು ಚಿತ್ರವೂ ಬಿದ್ದಿರುತ್ತದೆ.

ಗೋಡೆಯ ಚಾರ್ಟಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಬಿಳಿ ಮೇಲೆ ಕಡು ಕಪ್ಪು ಅಕ್ಷರ, ಎರಡೂ ಲೆನ್ಸಿನವರು 6/6, ಅಂದ್ರೆ ಸಹಜ ದೃಷ್ಟಿಯ ಸಾಲನ್ನು, ಓದಿಬಿಡುತ್ತಾರೆ. ಪೆಲ್ಲಿ-ರಾಬ್ಸನ್ ಚಾರ್ಟಿನಲ್ಲಿ ಅಕ್ಷರದ ಗಾತ್ರ ಒಂದೇ, ಕಪ್ಪು ಮಾತ್ರ ಮಾಸುತ್ತಾ ಹೋಗುತ್ತದೆ. ಅಲ್ಲಿ ಮಲ್ಟಿಫೋಕಲ್‌ನವರು ಸಾಮಾನ್ಯವಾಗಿ ಸ್ವಲ್ಪ ಮೊದಲೇ ತಡವರಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ಆ ಮಾಸಿದ ಅಕ್ಷರ ಅಂದ್ರೆ ಸಿದ್ದಾಪುರದ ಕಡೆ ಮುಸ್ಸಂಜೆಯಲ್ಲಿ ತೋಟದ ಬೇಲಿಗೆ ಒತ್ತಿ ನಿಂತ ಆನೆ. ಬೂದು ಮೈ, ಬೂದು ಬೆಳಕು. ಸಂಪಾಜೆ ಘಾಟಿಯ ಮಂಜಿನಲ್ಲಿ ಎದುರು ಲಾರಿ ಬಂದರೆ ಹೆಡ್‌ಲೈಟ್ ಸುತ್ತ ಉಂಗುರ ಬೇರೆ. ಬಹಳ ಜನರಿಗೆ ಕೆಲವು ತಿಂಗಳಲ್ಲಿ ಉಂಗುರ ಅಭ್ಯಾಸವಾಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ.

ಹಾಗಾಗಿ ರಾತ್ರಿ ಜೀಪು ಓಡಿಸುವ ಬೆಳೆಗಾರರಿಗೆ ನಾನು ಮೊನೊಫೋಕಲ್ಲನ್ನೇ ಹೇಳುತ್ತೇನೆ. ಬೇಕಿದ್ದರೆ ಒಂದು ಕಣ್ಣಿನ ಲೆನ್ಸಿನ ಪವರನ್ನು ತುಸು ಹತ್ತಿರದ ನೋಟಕ್ಕೆ ಇಡುತ್ತೇನೆ. ಮೊಬೈಲ್ ನೋಡಲು, ಅಂಗಡಿಯಲ್ಲಿ ಬೆಲೆ ಓದಲು ಅಷ್ಟು ಸಾಕು. ಮನೆಯಲ್ಲೇ ಇದ್ದು ದಿನವಿಡೀ ಓದುವ, ಹೊಲಿಯುವ, ಕನ್ನಡಕ ಕಂಡರೆ ಸಿಡುಕುವ ನಿವೃತ್ತ ಟೀಚರ್‌ಗೆ ಮಲ್ಟಿಫೋಕಲ್ ಖುಷಿ ಕೊಡುತ್ತದೆ. ಆದರೆ ಮೊದಲು ಕಣ್ಣಿನ ಹಿಂಭಾಗದ ರೆಟಿನಾದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನ್ ಆಗಲೇಬೇಕು. ರೆಟಿನಾದ ನಡುಭಾಗವಾದ ಮ್ಯಾಕುಲಾ ಹಾಳಾಗಿದ್ದರೆ ದುಬಾರಿ ಲೆನ್ಸ್ ಹಾಕುವುದು ಸುಮ್ನೆ ದುಡ್ಡು ದಂಡ. ಒಣಗಣ್ಣು ಇದ್ದರೆ ಅದನ್ನು ಸರಿಮಾಡಿಕೊಂಡೇ ಲೆನ್ಸಿನ ಪವರ್‌ಗೆ ಅಳತೆ ತೆಗೆಯುತ್ತೇನೆ.

ಮಲ್ಟಿಫೋಕಲ್ ಹಾಕಿಸಿಕೊಂಡು "ಮಂಜು ಮಂಜು" ಅಂತ ಬಂದವರಿಗೆ ಲೇಸರ್ ಮಾಡಲು ನಾನು ಅವಸರ ಮಾಡುವುದಿಲ್ಲ. ಲೆನ್ಸಿನ ಹಿಂದಿರುವ ಕಣ್ಣಿನ ತೆಳು ಪದರವೇ ಮಂಜಾಗಿದೆಯಾ, ಲೆನ್ಸಿನ ಗುಣವೇ ಹಾಗಾ ಅಂತ ಮೊದಲು ನೋಡಬೇಕು. ಯಾಗ್ ಎಂಬ ಲೇಸರ್‌ನಿಂದ ಆ ಪದರ ತೆರೆದ ಮೇಲೆ ಲೆನ್ಸ್ ಬದಲಾಯಿಸುವುದು ಬಹಳ ಕಷ್ಟ.