ಫೋನು, ಅರ್ಧ ಹಾಳೆ ಮತ್ತು ಮೂರು ದಿನಗಳ ಗಡುವು: ಯುವಜನರ ಸೈಕೋಸಿಸ್ ಚಿಕಿತ್ಸೆಯಲ್ಲಿ ನನ್ನ ಅನುಭವ

ಯುವಜನರಲ್ಲಿ ಸೈಕೋಸಿಸ್ (ಇಲ್ಲದ ಧ್ವನಿ ಕೇಳಿಸುವುದು, ಬಲವಾದ ತಪ್ಪು ನಂಬಿಕೆ ಮೂಡುವುದು ಮುಂತಾಗಿ ವಾಸ್ತವದ ಸಂಪರ್ಕ ತಪ್ಪುವ ಸ್ಥಿತಿ) ತಲೆದೋರಿದ ಕೆಲವೇ ವಾರಗಳೊಳಗೆ ಅವರನ್ನು ಚಿಕಿತ್ಸೆಗೆ ತರಬಹುದು, ಅದಕ್ಕೆ ಹೊಸ ವಾರ್ಡಾಗಲಿ ಸ್ಕ್ಯಾನ್ ಯಂತ್ರವಾಗಲಿ ಬೇಡ, ಒಂದು ಫೋನು ಮತ್ತು ಅದನ್ನು ಹೊತ್ತು ಓಡಾಡುವ ಇಬ್ಬರು ಸಾಕು ಎಂದು ನಾನು ಹೇಳಿದಾಗ ನಮ್ಮ ವಿಭಾಗದಲ್ಲಿ ನಂಬಿದವರು ಕಡಿಮೆ. ಹದಿಹರೆಯದ ಗೊಂದಲಕ್ಕೆಲ್ಲ ರೋಗದ ಹಣೆಪಟ್ಟಿ ಹಚ್ಚುತ್ತೀರಿ ಎಂದು ಕೆಲವರು ಎಚ್ಚರಿಸಿದರೆ, ಬರುವವರನ್ನೇ ನೋಡಲು ಪುರುಸೊತ್ತಿಲ್ಲದಿರುವಾಗ ಬಾರದವರನ್ನು ಹುಡುಕಿಕೊಂಡು ಹೋಗುವುದೇಕೆ ಎಂದು ಇನ್ನು ಕೆಲವರು ಕೇಳಿದರು. ಈಗ ಐದಾರು ವರ್ಷಗಳಾಗಿವೆ. ನಮ್ಮಲ್ಲಿಗೆ ಬರುತ್ತಿದ್ದವರ ಡಿಯುಪಿಯ, ಅಂದರೆ ಸೈಕೋಸಿಸ್ ಆರಂಭವಾದಂದಿನಿಂದ ಚಿಕಿತ್ಸೆ ಶುರುವಾಗುವವರೆಗಿನ ಅವಧಿಯ, ಮಧ್ಯಾಂಕ (ಅರ್ಧ ಜನರದು ಇದಕ್ಕಿಂತ ಕಡಿಮೆ, ಇನ್ನರ್ಧ ಜನರದು ಹೆಚ್ಚು) ಮೊದಲು ಒಂದು ವರ್ಷದ ಆಸುಪಾಸಿನಲ್ಲಿತ್ತು. ಈಗ ಎಂಟರಿಂದ ಹತ್ತು ವಾರ. ಅಮೆರಿಕದ 34 ಚಿಕಿತ್ಸಾಲಯಗಳಲ್ಲಿ ಇಂಥ ರೋಗಿಗಳ ಮೇಲೆ ನಡೆದ ರೇಸ್ (RAISE) ಅಧ್ಯಯನದಲ್ಲಿ ಇದೇ ಮಧ್ಯಾಂಕ 74 ವಾರಗಳಷ್ಟಿತ್ತು ಎಂಬುದನ್ನು ಬಲ್ಲವರು ನಾನು ಸ್ವಲ್ಪ ಬೀಗಿದರೆ ಕ್ಷಮಿಸುತ್ತಾರೆಂದು ನಂಬಿದ್ದೇನೆ.

ಆರಂಭದಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆವು: ಕಾಲೇಜುಗಳಲ್ಲಿ ಉಪನ್ಯಾಸ, ಗೋಡೆಗಳಿಗೆ ಭಿತ್ತಿಪತ್ರ. ಸೈಕೋಸಿಸನ್ನು ಬೇಗ ಪತ್ತೆಹಚ್ಚುವ ನಾರ್ವೆಯ ಟಿಪ್ಸ್ ಯೋಜನೆಯವರು ರೋಗಾಲಾಂಡ್ ಪ್ರದೇಶದಲ್ಲಿ ಪತ್ರಿಕೆ, ರೇಡಿಯೋ, ಶಾಲೆ, ಸಾಮಾನ್ಯ ವೈದ್ಯರು ಎಲ್ಲರನ್ನೂ ಬಳಸಿಕೊಂಡು ಡಿಯುಪಿಯನ್ನು 5 ವಾರಕ್ಕೆ ಇಳಿಸಿದ್ದು, ಪ್ರಚಾರವಿಲ್ಲದ ಪ್ರದೇಶಗಳಲ್ಲಿ ಅದು 16 ವಾರ ಇದ್ದದ್ದು ನಮಗೆಲ್ಲ ಬಾಯಿಪಾಠವಾಗಿತ್ತು. ಆದರೆ ಅಲ್ಲಿ ಪ್ರಚಾರದ ಬೆನ್ನಿಗೆ, ಕರೆ ಬಂದ ಕೂಡಲೇ ಹೊರಡುವ ತಂಡವೊಂದಿತ್ತು. ನಮ್ಮ ಕೈಯಲ್ಲಿದ್ದದ್ದು ಬರೀ ಭಿತ್ತಿಪತ್ರ. ಮುದ್ರಣವೊಂದೇ ಆ ವರ್ಷದ ಅನುದಾನದ ಕಾಲು ಭಾಗವನ್ನು ನುಂಗಿತು. ಅದನ್ನು ನೋಡಿ ಬಂದವರು ಬೆರಳೆಣಿಕೆಯಷ್ಟು, ಅವರಲ್ಲಿಯೂ ಹೆಚ್ಚಿನವರು ಪರೀಕ್ಷೆಯ ಭಯದಿಂದ ನಿದ್ದೆಗೆಟ್ಟವರು.

ಬಳಿಕ ಪ್ರಶ್ನಾವಳಿಯ ಸರದಿ. ಸೈಕೋಸಿಸ್‌ನ ಅಪಾಯವನ್ನು ಸೋಸಿ ನೋಡುವ 16 ಪ್ರಶ್ನೆಗಳ ಪಿಕ್ಯು-16 ಚಿಕ್ಕದು, ಹಂಚುವುದು ಸುಲಭ, 6ಕ್ಕಿಂತ ಕಡಿಮೆ ಅಂಕ ಬಂದವರನ್ನು ಬಿಟ್ಟುಬಿಡಬಹುದು. ಇಡೀ ತರಗತಿಗಳಿಗೇ ಅದನ್ನು ಕೊಡೋಣವೆಂಬ ಉತ್ಸಾಹ ನಮ್ಮ ಮನಶ್ಶಾಸ್ತ್ರಜ್ಞರದು. ಫಲಿತಾಂಶ ಬಂದಾಗ ತಂಡದ ಅರ್ಧ ಜನ ಎರಡು ತಿಂಗಳು ಸಂದರ್ಶನಗಳಲ್ಲೇ ಮುಳುಗಿಹೋದರು. ಕಾರಣ ಸರಳ ಗಣಿತ: ನೆದರ್‌ಲೆಂಡ್ಸ್‌ನಲ್ಲಿ ಆ ಪ್ರಶ್ನಾವಳಿಗೆ ಸಿಕ್ಕ ಶೇ. 87ರ ಸೂಕ್ಷ್ಮತೆ (ತೊಂದರೆಯಿರುವವರನ್ನು ಹಿಡಿಯುವ ಪ್ರಮಾಣ) ಮತ್ತು ಶೇ. 87ರ ನಿರ್ದಿಷ್ಟತೆ (ತೊಂದರೆಯಿಲ್ಲದವರನ್ನು ಸರಿಯಾಗಿ ಬಿಡುವ ಪ್ರಮಾಣ) ಸಹಾಯ ಕೇಳಿಕೊಂಡು ಬಂದವರ ನಡುವಿನದು. ಅದೇ ಅಂಕಿಗಳನ್ನು ನೂರಕ್ಕೆ ಒಬ್ಬರಿಗೆ ತೊಂದರೆಯಿರುವ 1000 ವಿದ್ಯಾರ್ಥಿಗಳಿಗೆ ಅನ್ವಯಿಸಿದರೆ ಒಂಬತ್ತು ಮಂದಿ ಸರಿಯಾಗಿ ಸಿಗುತ್ತಾರೆ, ಅವರ ಜೊತೆಗೆ 130ರಷ್ಟು ಮಂದಿ ವಿನಾಕಾರಣ ಸಿಕ್ಕಿಬೀಳುತ್ತಾರೆ. ಪ್ರಶ್ನಾವಳಿಯನ್ನು ನಾವು ಎಸೆಯಲಿಲ್ಲ. ಯಾರಾದರೂ ಈಗಾಗಲೇ ಆತಂಕಗೊಂಡು ಕರೆ ಮಾಡಿದ್ದಾರೆ ಎಂಬ ಸಂದರ್ಭಕ್ಕೆ ಮಾತ್ರ ಅದನ್ನು ಉಳಿಸಿಕೊಂಡೆವು.

ದಾರಿ ತೆರೆದದ್ದು ಒಂದು ನೀರಸವಾದ ಲೆಕ್ಕ. ವಾರ್ಡಿನಲ್ಲಿದ್ದ ಪ್ರತಿ ಯುವ ರೋಗಿಯ ಮನೆಯವರನ್ನು ಕೂರಿಸಿಕೊಂಡು, ಬದಲಾವಣೆಯನ್ನು ಮೊದಲು ಗಮನಿಸಿದವರು ಯಾರು, ಅವರು ಯಾರಿಗೆ ಹೇಳಿದರು, ಅಲ್ಲಿಂದ ಯಾವ ಬಾಗಿಲಿಗೆ ಹೋದರು, ಪ್ರತಿ ಬಾಗಿಲಲ್ಲೂ ಎಷ್ಟು ಕಾದರು ಎಂದು ಬರೆದುಕೊಂಡೆವು. ಮನೆಯವರ ಅಜ್ಞಾನ, ಅಪಮಾನದ ಭಯ ಇವುಗಳೇ ವಿಳಂಬದ ಮೂಲವೆಂದು ನಾವು ವೇದಿಕೆಗಳಲ್ಲಿ ಹೇಳುತ್ತ ಬಂದಿದ್ದೆವು. ಲೆಕ್ಕ ಹೇಳಿದ್ದೇ ಬೇರೆ: ಅರ್ಧಕ್ಕಿಂತ ಹೆಚ್ಚು ಸಮಯ ಹಾಳಾದದ್ದು ಅವರು ಯಾರಾದರೊಬ್ಬ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಂಡ ಮೇಲೆ. ಒಬ್ಬರು ನಿದ್ದೆಯ ಮಾತ್ರೆ ಕೊಟ್ಟು ಕಳುಹಿಸಿದ್ದರು, ಇನ್ನೊಬ್ಬರು ಒತ್ತಡವೆಂದಿದ್ದರು, ನಮ್ಮ ಹೊರರೋಗಿ ವಿಭಾಗವೇ ಒಂದೂವರೆ ತಿಂಗಳ ನಂತರದ ದಿನಾಂಕ ಕೊಟ್ಟಿತ್ತು, ಆ ದಿನಾಂಕ ಬರುವ ಹೊತ್ತಿಗೆ ಹುಡುಗ ಕೋಣೆಯ ಬಾಗಿಲು ತೆರೆಯುವುದನ್ನೇ ನಿಲ್ಲಿಸಿದ್ದ.

ಹಾಗಾಗಿ ಮೊಟಕುಗೊಳಿಸಬೇಕಾದದ್ದು ಈ ನಡುವಣ ಅವಧಿಯನ್ನು ಎಂದು ತೀರ್ಮಾನಿಸಿ, ಒಂದು ಫೋನನ್ನು ಸಮಾಜಕಾರ್ಯಕರ್ತೆಯೊಬ್ಬರ ಕೈಗೆ ಕೊಟ್ಟೆವು. ಅದನ್ನು ಸ್ವಾಗತಕಾರರ ಮೇಜಿನ ಮೇಲೆ ಇಡಬಾರದೆಂಬುದು ನನ್ನ ಹಟವಾಗಿತ್ತು. ಕರೆ ಮಾಡಲು ವೈದ್ಯರ ಚೀಟಿ ಬೇಡ. ಅಧ್ಯಾಪಕರು, ಹಾಸ್ಟೆಲ್ ವಾರ್ಡನ್, ಅಕ್ಕ, ಗೆಳೆಯ, ಯಾರು ಮಾಡಿದರೂ ಸರಿ. ಕರೆಯನ್ನು ಅರ್ಧ ಹಾಳೆಯಷ್ಟು ಫಾರಂನಲ್ಲಿ ಬರೆದುಕೊಳ್ಳಲಾಗುತ್ತದೆ: ಏನು ಬದಲಾಗಿದೆ, ಯಾವಾಗಿನಿಂದ, ಈಗ ನಿದ್ದೆ ಮತ್ತು ಊಟ ಹೇಗಿದೆ, ತನಗೋ ಇತರರಿಗೋ ಅಪಾಯವಿದೆಯೇ. ಅಪಾಯವಿದ್ದರೆ ಅದೇ ದಿನ, ಇಲ್ಲದಿದ್ದರೆ ಮೂರು ದಿನಗಳೊಳಗೆ ಮೊದಲ ಭೇಟಿ. ಆ ಭೇಟಿ ಆಸ್ಪತ್ರೆಯಲ್ಲೇ ಆಗಬೇಕೆಂದಿಲ್ಲ.

ಒಂದು ಭೇಟಿ ನಡೆದದ್ದು ಗ್ರಂಥಾಲಯದ ಹೊರಗಿನ ಬೆಂಚಿನ ಮೇಲೆ. ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಟೇಪು ಅಂಟಿಸಿಕೊಂಡು, ಫೋನನ್ನು ಸ್ವಿಚ್ ಆಫ್ ಮಾಡಿ ಚೀಲದ ತಳಕ್ಕೆ ತುರುಕಿಕೊಂಡಿದ್ದ ವಿದ್ಯಾರ್ಥಿ ಮಾತಿನ ನಡುವೆ ಮತ್ತೆ ಮತ್ತೆ ಕತ್ತು ಹೊರಳಿಸಿ ಖಾಲಿಯಿದ್ದ ಹಿಂದಿನ ಬೆಂಚನ್ನು ನೋಡುತ್ತಿದ್ದ. ನಮ್ಮ ಸಮಾಜಕಾರ್ಯಕರ್ತೆ ಧ್ವನಿಗಳ ವಿಷಯವನ್ನೇ ಎತ್ತಲಿಲ್ಲ. ನಿದ್ದೆಯ ಬಗ್ಗೆ ಕೇಳಿದರು, ಓದಿದ್ದು ತಲೆಗೆ ಹತ್ತುತ್ತಿದೆಯೇ ಎಂದು ಕೇಳಿದರು, ಬಹಳ ಹೊತ್ತಿನ ಮೇಲೆ "ಇಲ್ಲಿ ಕೂತಿರುವುದು ನಿಮಗೆ ಸುರಕ್ಷಿತ ಅನ್ನಿಸುತ್ತಿದೆಯೇ?" ಎಂದರು. "ಇಲ್ಲ ಮೇಡಂ, ಅವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾರೆ" ಎಂದು ಅವನೇ ಶುರುಮಾಡಿದ. ಮೊದಲ ಭೇಟಿಯಲ್ಲಿ ನಾವು ರೋಗದ ಹೆಸರು ಹೇಳುವುದಿಲ್ಲ, ಅವನ ನಂಬಿಕೆಯನ್ನು ಅಲ್ಲಗಳೆಯುವುದೂ ಇಲ್ಲ, ಒಪ್ಪುವುದೂ ಇಲ್ಲ; ನಿದ್ದೆಯಿಲ್ಲದ ಕಷ್ಟಕ್ಕೆ ಏನಾದರೂ ಮಾಡೋಣವೆಂಬಷ್ಟಕ್ಕೆ ಒಪ್ಪಂದ ಮಾಡಿಕೊಂಡು ಎರಡನೆಯ ದಿನಾಂಕ ನಿಗದಿಪಡಿಸುತ್ತೇವೆ. ಭೇಟಿಗೇ ಒಪ್ಪದವರಿಗೆ ಬಾಗಿಲ ಹೊರಗಿನಿಂದ ಹೇಳುವ ಒಂದು ಮಾತಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲರೂ ಅದನ್ನೇ ಒಪ್ಪಿಸತೊಡಗುತ್ತಾರೆ, ಆಗ ಅದರ ಶಕ್ತಿ ಹೋಗುತ್ತದೆ. ನಮ್ಮಲ್ಲಿ ಬಂದು ಕೆಲಸ ಮಾಡಿದವರಿಗೆ ಹೇಳಿಕೊಡುತ್ತೇನೆ.

ಔಷಧದ ವಿಷಯದಲ್ಲಿ ಹೊಸದೇನನ್ನೂ ಮಾಡಿಲ್ಲ, ಆತುರವನ್ನು ಮಾತ್ರ ಬಿಟ್ಟಿದ್ದೇವೆ. ರಿಸ್ಪೆರಿಡೋನ್ 1 ಮಿ.ಗ್ರಾಂ.ನಿಂದ ಆರಂಭಿಸಿದರೆ ಬಹುಪಾಲು ಮಂದಿ 2 ಅಥವಾ 3ರಲ್ಲೇ ನಿಲ್ಲುತ್ತಾರೆ; ತೂಕದ ಚಿಂತೆಯಿರುವವರಿಗೆ ಅರಿಪಿಪ್ರಜೋಲ್. ಒಲಾಂಜಪಿನ್ ಬೇಗ ಶಾಂತಗೊಳಿಸುತ್ತದೆಂದು ವಾರ್ಡಿನವರಿಗೆ ಪ್ರಿಯ, ಆದರೆ ಮೂರು ತಿಂಗಳಲ್ಲಿ ಹತ್ತು ಕಿಲೋ ಏರಿದ ಹುಡುಗಿ ನಾಲ್ಕನೆಯ ತಿಂಗಳು ಮಾತ್ರೆ ನುಂಗುವುದಿಲ್ಲ ಎಂಬುದನ್ನು ವಾರ್ಡು ಕಾಣುವುದಿಲ್ಲ, ನಾವು ಕಾಣುತ್ತೇವೆ. ಎರಡು ಔಷಧಗಳು ಸರಿಯಾದ ಪ್ರಮಾಣದಲ್ಲಿ, ಒಂದೊಂದೂ ಆರು ವಾರಗಳಷ್ಟು ಕೊಟ್ಟರೂ ಫಲಿಸದಿದ್ದರೆ ಕ್ಲೋಜಪಿನ್‌ಗೆ ಹೋಗಲು ವರ್ಷಗಟ್ಟಲೆ ಕಾಯುವುದಿಲ್ಲ. ಬೇಗ ನೋಡುವುದರಿಂದ ಇನ್ನೊಂದು ಲಾಭವೂ ಆಯಿತು: ದಿನಗಳಲ್ಲೇ ಉಲ್ಬಣಿಸಿದ ಗೊಂದಲದ ಜೊತೆ ಅಪಸ್ಮಾರದ ಸೆಳೆತ, ಬಾಯಿಯ ವಿಚಿತ್ರ ಚಲನೆ ಕಂಡ ಒಬ್ಬಳನ್ನು ತಕ್ಷಣ ನರರೋಗ ವಿಭಾಗಕ್ಕೆ ಕಳುಹಿಸಿದೆವು. ಅದು 2007ರಲ್ಲಿ ಡಾಲ್ಮೌ ಮತ್ತು ಸಂಗಡಿಗರು ವಿವರಿಸಿದ ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್ (ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳಿನ ಮೇಲೆ ದಾಳಿ ಮಾಡುವ ಉರಿಯೂತ) ಎಂದು ಗೊತ್ತಾಯಿತು.

ಲಕ್ಷಣಗಳು ಅಸ್ಪಷ್ಟವಾಗಿರುವ, ಅಪಾಯದ ಅಂಚಿನಲ್ಲಿರುವವರಿಗೆ ಆಂಟಿಸೈಕೋಟಿಕ್ (ಮೇಲೆ ಹೇಳಿದಂಥ ಸೈಕೋಸಿಸ್ ಔಷಧ) ಕೊಡುವುದಿಲ್ಲ. 2012ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ ಇಂಥವರಲ್ಲಿ ಒಂದು ವರ್ಷದೊಳಗೆ ಶೇ. 22ರಷ್ಟು, ಮೂರು ವರ್ಷಗಳಲ್ಲಿ ಶೇ. 36ರಷ್ಟು ಮಂದಿ ಮಾತ್ರ ಸೈಕೋಸಿಸ್‌ಗೆ ಜಾರುತ್ತಾರೆ. ಅಂದರೆ ಹೆಚ್ಚಿನವರು ಜಾರುವುದಿಲ್ಲ. ಹಣೆಪಟ್ಟಿಯ ಆಕ್ಷೇಪಕ್ಕೆ ನನ್ನ ಉತ್ತರವೂ ಇದೇ. ಅವರಿಗೆ ಸಿಬಿಟಿ (ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ), ನಿದ್ದೆಯ ಶಿಸ್ತು, ಗಾಂಜಾ ಇದ್ದರೆ ಅದನ್ನು ಬಿಡಿಸುವ ಕೆಲಸ. ಇಲ್ಲೊಂದು ಉಪಪ್ರಯೋಗವನ್ನೂ ಮಾಡಿದೆ. 2010ರಲ್ಲಿ ವಿಯೆನ್ನಾದವರು 81 ಮಂದಿಯ ಮೇಲೆ ಹನ್ನೆರಡು ವಾರಗಳ ಒಮೆಗಾ-3 ಪ್ರಯೋಗ ನಡೆಸಿ ಬೆರಗಾಗುವಂಥ ಫಲಿತಾಂಶ ಪ್ರಕಟಿಸಿದ್ದರಿಂದ, ಅಪಾಯವಿಲ್ಲದ ವಸ್ತುವೆಂದು ಮೀನೆಣ್ಣೆಯ ಕ್ಯಾಪ್ಸೂಲುಗಳನ್ನು ಕೊಟ್ಟು ನೋಡಿದೆವು. 2017ರ ದೊಡ್ಡ ಪ್ರಯೋಗ ನ್ಯೂರಾಪ್ರೋದಲ್ಲಿ ಅದರ ಲಾಭ ಕಾಣಲಿಲ್ಲವೆಂಬುದು ಗೊತ್ತಿದ್ದೂ ಕೊಟ್ಟೆ, ಏಕೆಂದರೆ ದಿನವೂ ಏನನ್ನಾದರೂ ನುಂಗುವ ಅಭ್ಯಾಸ ಮುಂದೆ ನೆರವಾಗಬಹುದೆಂಬ ಲೆಕ್ಕಾಚಾರ ನನ್ನದು. ಏನೂ ಆಗಲಿಲ್ಲ. ಕ್ಯಾಪ್ಸೂಲಿನ ಹಣ ಭೇಟಿಗಳ ಪ್ರಯಾಣ ವೆಚ್ಚಕ್ಕೆ ಹೋಯಿತು. ಅದರ ಬದಲು ಸಂಜೆ ಐದರ ನಂತರದ ಭೇಟಿಗಳನ್ನು ಆರಂಭಿಸಿದ್ದು ಹೆಚ್ಚು ಫಲ ಕೊಟ್ಟಿತು. ಭೇಟಿ ತಪ್ಪಿಸುವವರ ಪ್ರಮಾಣ ಮೂರನೇ ಒಂದರಿಂದ ಏಳೆಂಟನೇ ಒಂದಕ್ಕೆ ಇಳಿಯಿತು.

ಹಣದ ಕಥೆ ದೀರ್ಘವಾದದ್ದು. ಖರ್ಚಿನ ಮುಕ್ಕಾಲು ಪಾಲು ಸಂಬಳ, ಮತ್ತು ಸಂಬಳಕ್ಕೆ ಅನುದಾನ ಕೇಳಿದರೆ ಎಲ್ಲರೂ ಹಿಂಜರಿಯುತ್ತಾರೆ. ಉಪಕರಣ ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಇಂಗ್ಲೆಂಡಿನ ತಂಡಗಳಲ್ಲಿ ಒಬ್ಬ ಕೇಸ್ ಮ್ಯಾನೇಜರಿಗೆ (ರೋಗಿಯ ಚಿಕಿತ್ಸೆಯನ್ನು ಉದ್ದಕ್ಕೂ ನೋಡಿಕೊಳ್ಳುವ ಕಾರ್ಯಕರ್ತ) 15 ಮಂದಿ ಎಂಬುದು ಒಪ್ಪಿತ ಲೆಕ್ಕ, ನಮ್ಮಲ್ಲಿ ಅದು ಮೂವತ್ತರ ಹತ್ತಿರ ಹೋಗಿ ಇಬ್ಬರು ಒಳ್ಳೆಯ ಕೆಲಸಗಾರರು ಬಿಟ್ಟುಹೋದರು. ಎರಡನೆಯ ವರ್ಷ ಆಡಳಿತದವರು ತುರ್ತು ದಾಖಲಾತಿಗಳು ಕಡಿಮೆಯಾದದ್ದನ್ನು ಆದಾಯದ ನಷ್ಟವೆಂದು ಬರೆದರು. ಅವರ ಭಾಷೆಯಲ್ಲೇ ಉತ್ತರಿಸಬೇಕಾಯಿತು: ಮೂರು ವಾರಗಳ ಒಂದು ತುರ್ತು ದಾಖಲಾತಿಗೆ ಹಾಸಿಗೆ, ಸಿಬ್ಬಂದಿ, ಔಷಧ ಸೇರಿ ತಗಲುವ ಮೊತ್ತ ಒಬ್ಬ ಕೇಸ್ ಮ್ಯಾನೇಜರಿನ ಸುಮಾರು ಎರಡು ತಿಂಗಳ ಸಂಬಳಕ್ಕೆ ಸಮ, ಹಾಗಾಗಿ ವರ್ಷಕ್ಕೆ ಆರು ದಾಖಲಾತಿ ತಪ್ಪಿದರೂ ಹುದ್ದೆಯ ಖರ್ಚು ಗಿಟ್ಟುತ್ತದೆ. ನಮ್ಮಲ್ಲಿ ತಪ್ಪಿದ್ದು ಅದಕ್ಕಿಂತ ಬಹಳ ಹೆಚ್ಚು. ಮೊದಲ ಬಾರಿ ಸೈಕೋಸಿಸ್ ಕಾಣಿಸಿಕೊಂಡವರಿಗೆ ಎರಡು ವಾರಗಳೊಳಗೆ ಚಿಕಿತ್ಸೆ ಆರಂಭವಾಗಬೇಕೆಂಬ ಮಾನದಂಡವನ್ನು ಇಂಗ್ಲೆಂಡ್ 2016ರಲ್ಲಿ ಜಾರಿಗೆ ತಂದದ್ದನ್ನೂ ಅದೇ ಪುಟದಲ್ಲಿ ಸೇರಿಸಿದೆ. ಆ ಒಂದು ಪುಟದ ಲೆಕ್ಕ ಮಾಡಿದಷ್ಟು ಕೆಲಸವನ್ನು ನನ್ನ ಯಾವ ಉಪನ್ಯಾಸವೂ ಮಾಡಿಲ್ಲ.

ರೋಗಿಗಳನ್ನು ನಮ್ಮ ಸೇವೆಯಲ್ಲಿ ಎಷ್ಟು ಕಾಲ ಇಟ್ಟುಕೊಳ್ಳುವುದು ಎಂಬುದರಲ್ಲಿ ಇನ್ನೂ ವಾದ ನಡೆಯುತ್ತಿದೆ. ಇಂಥ ಸೇವೆಯನ್ನೇ ಎರಡು ವರ್ಷ ಕೊಟ್ಟು ನೋಡಿದ ಡೆನ್ಮಾರ್ಕಿನ ಓಪಸ್ ಪ್ರಯೋಗದ 547 ಮಂದಿಯಲ್ಲಿ ಎರಡು ವರ್ಷಕ್ಕೆ ಕಂಡ ಲಾಭದ ಬಹುಭಾಗ ಐದನೆಯ ವರ್ಷಕ್ಕೆ ಕರಗಿಹೋಗಿತ್ತು. ಸೇವೆಯನ್ನು ಐದು ವರ್ಷಕ್ಕೆ ವಿಸ್ತರಿಸಿದಾಗ ಮಾಂಟ್ರಿಯಲ್‌ನಲ್ಲಿ ಫಲ ಸಿಕ್ಕಿತು, ಡೆನ್ಮಾರ್ಕಿನಲ್ಲಿ ಸಿಗಲಿಲ್ಲ. ನಾವು ಮೂರು ವರ್ಷಕ್ಕೆ ನಿಂತಿದ್ದೇವೆ. ಮೂರನೆಯ ವರ್ಷದ ಕೊನೆಯ ಕೆಲವು ಭೇಟಿಗಳನ್ನು ಮುಂದೆ ನೋಡುವ ವೈದ್ಯರ ಕೋಣೆಯಲ್ಲೇ, ನಮ್ಮ ಕೇಸ್ ಮ್ಯಾನೇಜರ್ ಜೊತೆಗೆ ಕುಳಿತು ನಡೆಸುತ್ತಾರೆ. ಔಷಧ ಇಳಿಸಬೇಕೆಂದವರಿಗೆ ಆ ಹಂತದಲ್ಲಿ ಇಳಿಸುವುದಿಲ್ಲ, ಒಂದೋ ಅದಕ್ಕೆ ಮೊದಲೇ ನಮ್ಮ ಕಣ್ಣೆದುರು ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುತ್ತೇವೆ, ಇಲ್ಲವೇ ಹೊಸ ವೈದ್ಯರ ಪರಿಚಯವಾದ ಆರು ತಿಂಗಳ ನಂತರ ಎಂದು ಬರೆದುಕೊಡುತ್ತೇವೆ. ಫೋನಿನ ಸಂಖ್ಯೆ ಮಾತ್ರ ಅವರ ಬಳಿಯೇ ಇರುತ್ತದೆ, ಮತ್ತು ಹಳಬರಿಂದ ಬರುವ ಕರೆಗೂ ಅದೇ ಮೂರು ದಿನಗಳ ಗಡುವು.